ಗುಜರಿಗೆ ಹೊರಟಿದ್ದ ಹಡಗಿನ ಕೊನೇ ನಾಟಕ

ಮುಪ್ಪಾದ ಹಡಗಿನಿಂದ ಇನ್ನೇನು ಪ್ರಯೋಜನ? ಇದಕ್ಕೆ ಉತ್ತರ ಬೇಕಿದ್ದರೆ ಐಎನ್‌ಎಸ್ ರಜಪೂತ್ ಕಥೆ ಕೇಳಿ.

ಈ ಡೆಸ್ಟ್ರಾಯರ್ ಹುಟ್ಟಿದ್ದು ಬ್ರಿಟನ್‌ನಲ್ಲಿ, 1942ರಲ್ಲಿ. ಹೆಸರು ಎಚ್‌ಎಂಎಸ್ ರಾದರ್‌ಹ್ಯಾಮ್. ಎರಡನೇ ಮಹಾಯುದ್ಧ ಮುಗಿಸಿಕೊಂಡು 1949ರಲ್ಲಿ ಭಾರತಕ್ಕೆ ಬಂತು, ರಜಪೂತ್ ಆಯ್ತು. 1971ರ ಹೊತ್ತಿಗೆ ನಿವೃತ್ತಿಯ ಅಂಚಿನಲ್ಲಿತ್ತು.

ಆ ವರ್ಷ ಪಾಕಿಸ್ತಾನದ ಕಣ್ಣು ನಮ್ಮ ಏಕೈಕ ವಿಮಾನವಾಹಕ ನೌಕೆ ವಿಕ್ರಾಂತ್ ಮೇಲೆ. ಕರಾಚಿಯಿಂದ ಬಂಗಾಳ ಕೊಲ್ಲಿವರೆಗೆ ಹೋಗಿ ಕಾದು ಕೂರೋ ತಾಕತ್ತಿದ್ದ ಅವರ ಸಬ್‌ಮರೀನ್ ಒಂದೇ, ಘಾಜಿ. ಅದು ನವೆಂಬರ್‌ನಲ್ಲಿ ಹೊರಟಿತು. ಇತ್ತ ಬಾಯ್ಲರ್ ಬಿರುಕಿನಿಂದ ವಿಕ್ರಾಂತ್ ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ!

ಪೂರ್ವ ನೌಕಾ ಕಮಾಂಡ್ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಏನು ಮಾಡಿದ್ರು ಗೊತ್ತಾ? ವಿಕ್ರಾಂತ್ ಅನ್ನು ಗುಟ್ಟಾಗಿ ಅಂಡಮಾನ್‌ಗೆ ಕಳಿಸಿ, ರಜಪೂತ್‌ಗೆ ವಿಕ್ರಾಂತ್ ಪಾತ್ರ ಕೊಟ್ಟರು. ಇಲ್ಲೊಂದು ತಾಂತ್ರಿಕ ಸೂಕ್ಷ್ಮ ಇದೆ. ರೇಡಿಯೋ ಸಂದೇಶದ ಗುಪ್ತಭಾಷೆ ಒಡೆಯೋಕಾಗದಿದ್ದರೂ, ಎಷ್ಟು ಸಂದೇಶ ಓಡಾಡ್ತಿದೆ ಅನ್ನೋದನ್ನ ಶತ್ರು ಲೆಕ್ಕ ಹಾಕಬಹುದು. ವಿಮಾನವಾಹಕ ನೌಕೆ ಇದ್ದ ಕಡೆ ಮಾತು ಜಾಸ್ತಿ. ಹಾಗಾಗಿ ರಜಪೂತ್ ವಿಶಾಖಪಟ್ಟಣದ ಬಳಿ ಬೇಕಂತಲೇ ವಯರ್‌ಲೆಸ್‌ನಲ್ಲಿ ಗಲಾಟೆ ಎಬ್ಬಿಸಿತು. ಪೇಟೆಯಲ್ಲಿ ದೊಡ್ಡ ಹಡಗಿಗೆ ಬೇಕಾಗುವಷ್ಟು ದಿನಸಿ, ತರಕಾರಿಗೆ ಆರ್ಡರ್ ಹೋಯ್ತು. ಗೂಢಚಾರರ ಕಿವಿಗೆ ಬೀಳಲಿ ಅಂತ!

ಡಿಸೆಂಬರ್ 3ರ ನಡುರಾತ್ರಿ ಬಂದರಿನಿಂದ ಹೊರಟ ರಜಪೂತ್‌ಗೆ ನೀರಿನಲ್ಲಿ ಅಸಹಜ ಕಲಕಾಟ ಕಾಣಿಸಿತು. ಕ್ಯಾಪ್ಟನ್ ಇಂದರ್ ಸಿಂಗ್ ಎರಡು ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯೋ ಬಾಂಬ್, ಹಾಕಿಸಿದರು. ಅದೇ ರಾತ್ರಿ ಭಾರೀ ಸ್ಫೋಟ. ಘಾಜಿ ಮುಳುಗಿತ್ತು. ಒಳಗಿದ್ದ 90ಕ್ಕೂ ಹೆಚ್ಚು ನಾವಿಕರಲ್ಲಿ ಒಬ್ಬರೂ ಉಳಿಯಲಿಲ್ಲ.

ಮುಳುಗಿಸಿದ್ದು ರಜಪೂತ್ ಅನ್ನೋದು ಭಾರತದ ನಿಲುವು. ತನ್ನದೇ ಮೈನ್ ಸಿಡಿದು ಮುಳುಗಿತು ಅನ್ನುತ್ತೆ ಪಾಕಿಸ್ತಾನ. ಈ ವಾದ ಇವತ್ತಿಗೂ ಮುಗಿದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಘಾಜಿಯ ಸಮಾಧಿ ಇರೋದು ವಿಶಾಖಪಟ್ಟಣದ ಬಾಗಿಲಲ್ಲಿ. ವಿಕ್ರಾಂತ್ ಅಲ್ಲಿ ಇರಲೇ ಇಲ್ಲ. ಡಿಸೆಂಬರ್ 4ರಂದು ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡ್ತಿದ್ದವು.

ಡೆಪ್ತ್ ಚಾರ್ಜ್ ಗುರಿ ಮುಟ್ಟಿತೋ ಇಲ್ಲವೋ, ವಾದ ಮಾಡೋಣ. ವಿಕ್ರಾಂತ್‌ಗೆ ಬರಬೇಕಿದ್ದ ಸಾವನ್ನ ಈ ಮುದಿ ಹಡಗು ತನ್ನ ಕಡೆಗೆ ಕರೆಸಿಕೊಂಡಿತ್ತಲ್ಲ, ಅದರಲ್ಲಿ ವಾದವೇ ಇಲ್ಲ. 1976ರಲ್ಲಿ ರಜಪೂತ್ ಗುಜರಿ ಸೇರಿತು. ಹೆಸರು ಮಾತ್ರ ಸೇರಲಿಲ್ಲ. 1980ರಲ್ಲಿ ಹೊಸ ಡೆಸ್ಟ್ರಾಯರ್ ಒಂದು ಅದೇ ಹೆಸರು ಹೊತ್ತು ಬಂತು, 2021ರವರೆಗೆ ದೇಶ ಕಾಯ್ತು.