ಎತ್ತರ ತೋರದ ಅಂಜಲಿ: ಕೈಮುಗಿದ ಇಮೋಜಿಯ ಅರ್ಥಗಳು

ಮೊಬೈಲಿನಿಂದ ಕೈಮುಗಿದ ಇಮೋಜಿಯನ್ನು ಕಳುಹಿಸಿದಾಗ ಚಿತ್ರದ ಬದಲು 128591 ಎಂಬ ಸಂಖ್ಯೆ ಮಾತ್ರ ಸಾಗುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಶಿಷ್ಟತೆಯು, ಜಪಾನಿನ ಮೊಬೈಲ್ ಕಂಪನಿಗಳು ಅದಾಗಲೇ ಬಳಸುತ್ತಿದ್ದ ನೂರಾರು ಚಿತ್ರಸಂಕೇತಗಳನ್ನು 2010ರ ತನ್ನ 6.0 ಆವೃತ್ತಿಯಲ್ಲಿ ಸೇರಿಸಿಕೊಂಡಾಗ ಇದಕ್ಕೂ ಸ್ಥಾನ ದೊರೆಯಿತು. ಸಂಖ್ಯೆಯನ್ನು ಪಡೆದ ಮೊಬೈಲ್ ತನ್ನಲ್ಲಿರುವ ಚಿತ್ರವನ್ನು ಮೂಡಿಸುವುದರಿಂದ, ಕಳುಹಿಸಿದವರು ಕಂಡ ಕೈಗಳೂ ಓದುವವರು ಕಾಣುವ ಕೈಗಳೂ ಒಂದೇ ಬಗೆಯಾಗಿರಬೇಕೆಂದಿಲ್ಲ. ಆಪಲ್ ಕಂಪನಿಯ ಹಳೆಯ ಚಿತ್ರದಲ್ಲಿ ಕೈಗಳ ಹಿಂದೆ ಹಳದಿ ಕಿರಣಗಳೂ ಇದ್ದವು.

ಚಿತ್ರಕ್ಕಿಂತ ಹೆಚ್ಚಾಗಿ ಅರ್ಥವೇ ಊರಿಂದೂರಿಗೆ ಬದಲಾಗುತ್ತದೆ. ಅಂಗೈಗಳನ್ನು ಜೋಡಿಸುವ 'ಗಶ್ಶೋ' ಜಪಾನಿನಲ್ಲಿ ಬೌದ್ಧ ಆರಾಧನೆಯ ಭಾಗವಾಗಿದ್ದು, ಊಟಕ್ಕೆ ಮೊದಲು ಕೃತಜ್ಞತೆ ಸೂಚಿಸುವ ರೂಢಿಯಾಗಿಯೂ ನೆಲೆಸಿದೆ. ಅಲ್ಲಿನ ಸಂದೇಶಗಳಲ್ಲಿ ಇದೇ ಇಮೋಜಿ ವಿನಂತಿಯನ್ನೂ ಕ್ಷಮೆಯನ್ನೂ ಹೊತ್ತು ಬರುತ್ತದೆ. ಕ್ರೈಸ್ತ ದೇಶಗಳಲ್ಲಿ ಅದು ಬಹುಮಟ್ಟಿಗೆ ಪ್ರಾರ್ಥನೆ. ಇಂಗ್ಲಿಷ್ ನಾಡುಗಳ ಕೆಲವರು ಅದನ್ನು, ಇಬ್ಬರು ಗೆಲುವಿನ ಖುಷಿಯಲ್ಲಿ ಅಂಗೈಗೆ ಅಂಗೈ ತಟ್ಟುವ 'ಹೈ-ಫೈವ್' ಎಂದು ಓದಿದ್ದೂ ಉಂಟು.

ಇದಕ್ಕಿಂತ ಗಂಭೀರವಾದದ್ದು ಎತ್ತರದ ನಷ್ಟ. ಎರಡೂ ಕೈಗಳನ್ನು ಸೇರಿಸಿ ಮಾಡುವ ಸಂಯುತ ಹಸ್ತಗಳಲ್ಲಿ ಅಂಜಲಿಯನ್ನು ಮೊದಲು ಹೇಳುವ ಭರತನ ನಾಟ್ಯಶಾಸ್ತ್ರವು, ದೇವರಿಗೆ ತಲೆಯ ಮೇಲೆ, ಗುರುಗಳಿಗೆ ಮುಖದ ಬಳಿ, ಗೆಳೆಯರಿಗೆ ಎದೆಯ ಬಳಿ ಎಂದು ಅದಕ್ಕೆ ಮೂರು ನೆಲೆಗಳನ್ನು ವಿಧಿಸುತ್ತದೆ. ಥಾಯ್ಲೆಂಡಿನ 'ವಾಯ್' ಎಂಬ ವಂದನೆಯಲ್ಲೂ ಭಿಕ್ಷುವಿಗೆ ಹೆಬ್ಬೆರಳು ಹುಬ್ಬುಗಳ ನಡುವೆ ತಾಗಿದರೆ, ತಂದೆತಾಯಿಗೂ ಗುರುವಿಗೂ ಅದು ಮೂಗಿನ ತುದಿಗೆ ಇಳಿಯುತ್ತದೆ. ಇಮೋಜಿಯಲ್ಲಿ ದೇಹವೇ ಇಲ್ಲದ ಕಾರಣ, ಯಾರು ಯಾರಿಗೆ ಎಷ್ಟು ಬಾಗಿದರು ಎಂಬ ಈ ಸೂಕ್ಷ್ಮ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. 2015ರಲ್ಲಿ ಯೂನಿಕೋಡ್ ಐದು ಮೈಬಣ್ಣಗಳನ್ನು ಒದಗಿಸಿತಾದರೂ ಅದರಿಂದ ಈ ಕೊರತೆ ತುಂಬಲಿಲ್ಲ.

ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೆಳಗಿನ ಶುಭಾಶಯಕ್ಕೂ, ಉಪಕಾರ ಸ್ಮರಣೆಗೂ, 'ಓಂ ಶಾಂತಿ'ಯ ಜೊತೆಗೂ, ಸಾಕುಮಾಡೆಂಬ ಬೇಸರಕ್ಕೂ ಇದೊಂದೇ ಚಿಹ್ನೆ ಬಳಕೆಯಾಗುತ್ತಿದ್ದು, ಮುಂದಿರುವ ಮಾತೇ ಅದರ ಅರ್ಥವನ್ನು ನಿರ್ಧರಿಸುತ್ತದೆ. ಆದ್ದರಿಂದ ಸಾವಿನ ಸುದ್ದಿಗೆ ಉತ್ತರಿಸುವಾಗ, ಅದರಲ್ಲೂ ಬೇರೆ ದೇಶದವರಿಗೆ ಬರೆಯುವಾಗ, ಈ ಕೈಗಳ ಪಕ್ಕದಲ್ಲಿ ಸಂತಾಪದ ಒಂದು ಸಾಲನ್ನಾದರೂ ಬರೆಯುವುದು ಅಗತ್ಯ.