ಅಂಗಳ ಕಿರಿದಾದರೂ ಚೆಂಡಿನ ವೇಗ ಕುಗ್ಗಬೇಕಿಲ್ಲ

ಯಳವತ್ತಿ (ಗದಗ ಜಿಲ್ಲೆ): ಹೊಲಗಳಲ್ಲಿ ಬಿತ್ತನೆ ಮುಗಿದರೆ ಯಳವತ್ತಿಯಂತಹ ಊರುಗಳ ಹುಡುಗರಿಗೆ ಕ್ರಿಕೆಟ್ ಆಡಲು ಉಳಿಯುವುದು ಶಾಲೆಯ ಆವರಣ ಇಲ್ಲವೇ ಮನೆಯ ಹಿತ್ತಲು. ನಗರಗಳ ಬಡಾವಣೆಗಳಲ್ಲಿಯೂ ಪರಿಸ್ಥಿತಿ ಭಿನ್ನವಾಗಿಲ್ಲ. 22 ಗಜದ ಪಿಚ್, ಅದರ ಹಿಂದೆ ಅಷ್ಟೇ ಉದ್ದದ ಓಟದ ದಾರಿ ಇಲ್ಲದೆ ವೇಗದ ಬೌಲರ್ ಆಗುವುದು ಅಸಾಧ್ಯ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆ ಅರ್ಧ ಮಾತ್ರ ನಿಜ.

ವೇಗ ಹುಟ್ಟುವುದೆಲ್ಲಿ?

ಚೆಂಡು ಕೈ ಬಿಡುವ ಕ್ಷಣಕ್ಕೇ ಅದರ ವೇಗ ನಿರ್ಧಾರವಾಗಿರುತ್ತದೆ. ಆ ಬಳಿಕ ಗಾಳಿಯ ತಡೆಯಿಂದ, ನೆಲದ ಘರ್ಷಣೆಯಿಂದ ಅದು ತಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಆದ್ದರಿಂದ ಚೆಂಡನ್ನು ತಡೆಯುವ ಪರದೆ ನಾಲ್ಕು ಮೀಟರ್ ದೂರದಲ್ಲಿದ್ದರೂ ವೇಗದ ಅಭ್ಯಾಸಕ್ಕೆ ಅಡ್ಡಿಯಿಲ್ಲ.

ಬೇಸ್‌ಬಾಲ್ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಚೆಂಡು ಎಸೆಯುವ ಪಿಚರ್ ಓಡಿ ಬರುವುದಿಲ್ಲ, ನಿಂತಲ್ಲಿಂದಲೇ 18.44 ಮೀಟರ್ ದೂರದ ಗುರಿಗೆ ಎಸೆಯುತ್ತಾನೆ. ಆದರೂ 2010ರಲ್ಲಿ ಕ್ಯೂಬಾ ಮೂಲದ ಅರೋಲ್ಡಿಸ್ ಚಾಪ್‌ಮನ್ ಎಸೆದ ಚೆಂಡು ಗಂಟೆಗೆ ಸುಮಾರು 170 ಕಿ.ಮೀ. ವೇಗ ಮುಟ್ಟಿತ್ತು. ದೀರ್ಘ ಓಟದ ಶೋಯಬ್ ಅಖ್ತರ್ 2003ರ ವಿಶ್ವಕಪ್‌ನಲ್ಲಿ ದಾಖಲಿಸಿದ್ದು 161.3 ಕಿ.ಮೀ. ಪಿಚರ್‌ಗೆ ಮೊಣಕೈ ಮಡಿಸಿ ಎಸೆಯುವ ಸ್ವಾತಂತ್ರ್ಯವಿದೆ, ಬೌಲರ್‌ಗೆ ಇಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೆ ಶಕ್ತಿ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಕೊನೆಗೆ ಬೆರಳುಗಳಿಗೆ ಹರಿಯುವ ಕ್ರಮ ಎರಡರಲ್ಲೂ ಒಂದೇ.

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 20 ವೇಗದ ಬೌಲರ್‌ಗಳನ್ನು ಅಧ್ಯಯನ ಮಾಡಿ 2013ರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿದರು: ಓಟದ ವೇಗ, ಮುಂಗಾಲಿನ ಮಂಡಿ ಮಡಿಯದೆ ನೇರವಾಗಿ ನಿಲ್ಲುವುದು, ಮುಂಡ ಮುಂದಕ್ಕೆ ಬಾಗುವ ಪ್ರಮಾಣ ಮತ್ತು ಚೆಂಡು ಹಿಡಿದ ತೋಳು ತಡವಾಗಿ ಮುಂದೆ ಬರುವುದು. ಇವುಗಳಲ್ಲಿ ವಿಶಾಲ ಜಾಗ ಬೇಡುವುದು ಮೊದಲನೆಯದು ಮಾತ್ರ.

ಹಿತ್ತಲಿನ ಅಭ್ಯಾಸ

ಎರಡು ಕಂಬಗಳ ನಡುವೆ ಹಳೆಯ ಕೌದಿ ಅಥವಾ ತಾಡಪತ್ರಿಯನ್ನು ಸಡಿಲವಾಗಿ ಇಳಿಬಿಟ್ಟರೆ ಪರದೆ ಸಿದ್ಧ. ನಾಲ್ಕೈದು ಹೆಜ್ಜೆಗಳ ಓಟದಲ್ಲಿ ಚೆಂಡು ಹಾಕುತ್ತ ಮುಂಗಾಲು ಬಿಗಿಯಾಗಿ ಊರುವುದನ್ನು ರೂಢಿಸಿಕೊಳ್ಳಬಹುದು. ಬೈಠಕ್, ಒಂಟಿಕಾಲಿನ ಜಿಗಿತ ಕಾಲುಗಳಿಗೆ ಬಲ ನೀಡುತ್ತವೆ. ಕಂಬಕ್ಕೆ ಕಟ್ಟಿದ ಸೈಕಲ್ ಟ್ಯೂಬನ್ನು ನಿಧಾನವಾಗಿ ಎಳೆಯುವುದು ಭುಜದ ಹಿಂಭಾಗದ ಸ್ನಾಯುಗಳಿಗೆ ಉಪಯುಕ್ತ; ಎಸೆದ ತೋಳನ್ನು ಹಿಡಿದು ನಿಲ್ಲಿಸುವ ಕೆಲಸ ಇವುಗಳದ್ದೇ. ಪೂರ್ಣ ಓಟವನ್ನು ಚೆಂಡಿಲ್ಲದೆ ರಸ್ತೆಯ ಬದಿಯಲ್ಲಿಯೋ ಹೊಲದ ದಾರಿಯಲ್ಲಿಯೋ ಅಭ್ಯಸಿಸಬಹುದು.

ಪ್ರಗತಿ ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಫೋನನ್ನು ಪಕ್ಕದಲ್ಲಿಟ್ಟರೆ ಸಾಕು. ಚೆಂಡು ಐದು ಮೀಟರ್ ದಾಟಲು 36 ಚಿತ್ರಗಳಾದರೆ ವೇಗ ಗಂಟೆಗೆ 120 ಕಿ.ಮೀ. ಒಂದು ಚಿತ್ರದ ಎಣಿಕೆ ತಪ್ಪಿದರೆ ಮೂರು ಕಿ.ಮೀ.ಗೂ ಹೆಚ್ಚು ವ್ಯತ್ಯಾಸವಾಗುವುದರಿಂದ ಹತ್ತಾರು ಎಸೆತಗಳ ಸರಾಸರಿ ನೋಡುವುದು ಒಳಿತು.

ಅವಸರವೇ ಅಪಾಯ

ಜಾಗದ ಕೊರತೆಗಿಂತ ದೊಡ್ಡ ಶತ್ರು ಅತಿಯಾದ ಅಭ್ಯಾಸ. ಹದಿಹರೆಯದಲ್ಲಿ ಬೆನ್ನುಮೂಳೆ ಪೂರ್ತಿ ಬಲಿತಿರುವುದಿಲ್ಲ. ಪದೇಪದೇ ಬೀಳುವ ಒತ್ತಡದಿಂದ ಕೆಳಬೆನ್ನಿನ ಮೂಳೆಯಲ್ಲಿ ಬಿರುಕು ಮೂಡಿ ಕೆಲವರ ಆಟವೇ ನಿಂತುಹೋಗುತ್ತದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13 ವರ್ಷದೊಳಗಿನ ವೇಗಿಗಳಿಗೆ ಒಂದು ಸರದಿಗೆ ಐದು, ದಿನಕ್ಕೆ ಹತ್ತು ಓವರ್‌ಗಳ ಮಿತಿ ವಿಧಿಸಿತ್ತು. ಹಿತ್ತಲಿನಲ್ಲಿ ಅಂಪೈರ್ ಇರುವುದಿಲ್ಲ. ಎಸೆತಗಳ ಲೆಕ್ಕವನ್ನು ಹುಡುಗರೇ ಇಡಬೇಕು.

ಭಾರದ ಚೆಂಡಿನ ಪ್ರಯೋಗವೂ ಎಚ್ಚರಿಕೆ ಬೇಡುತ್ತದೆ. ಅಮೆರಿಕದ ಶಾಲಾ ಪಿಚರ್‌ಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ವಾರಗಳ ಇಂತಹ ತರಬೇತಿಯಿಂದ ವೇಗ ಶೇ 3.3ರಷ್ಟು ಹೆಚ್ಚಿತು, ಆದರೆ ಶೇ 24ರಷ್ಟು ಮಂದಿ ಗಾಯಗೊಂಡರು. ಬೆನ್ನು ಅಥವಾ ಭುಜದ ನೋವು ಕಾಣಿಸಿಕೊಂಡರೆ ಎಸೆತ ನಿಲ್ಲಿಸಿ ವೈದ್ಯರನ್ನು ಕಾಣುವುದೇ ಸರಿ.

ಗದುಗಿನ ಪಾಠ

ಹಿತ್ತಲು ವೇಗ ಕೊಡಬಲ್ಲದು, ನಿಖರತೆಯನ್ನು ಕೊಡಲಾರದು. ಚೆಂಡು ಎಲ್ಲಿ ಪುಟಿಯುತ್ತದೆ ಎಂಬುದನ್ನು ಪೂರ್ಣ ಪಿಚ್ ಮಾತ್ರ ತಿಳಿಸುತ್ತದೆ. ಹೀಗಾಗಿ ವಾರಕ್ಕೆ ಒಂದೆರಡು ಬಾರಿಯಾದರೂ ಮೈದಾನ ಸೇರಲೇಬೇಕು. ಗದುಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಮುಂಜಾನೆಯೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ ಶಾಲೆಯ ವೇಳೆಗೆ ಮರಳುತ್ತಿದ್ದರು. ಅವರು ಸ್ಪಿನ್ ಬೌಲರ್. ಭಾರತದ ಪರ 15 ಟೆಸ್ಟ್ ಆಡಿದರು. ಬೆಂಗಳೂರಿನ ವೇಗಿ ಅಭಿಮನ್ಯು ಮಿಥುನ್ 17ರ ವಯಸ್ಸಿನವರೆಗೆ ಚರ್ಮದ ಚೆಂಡಿನಲ್ಲಿ ಬೌಲ್ ಮಾಡಿರಲಿಲ್ಲ. ಡಿಸ್ಕಸ್ ಎಸೆತದಲ್ಲಿ ಪಳಗಿದ್ದ ಅವರು 2009-10ರ ರಣಜಿ ಋತುವಿನಲ್ಲಿ 47 ವಿಕೆಟ್ ಪಡೆದರು.

ದೇಹದ ಬಲವನ್ನು ಮನೆಯಂಗಳದಲ್ಲೇ ಕೂಡಿಡಬಹುದು. ಅದನ್ನು ಆಟವಾಗಿ ಮಾರ್ಪಡಿಸಲು ಮಾತ್ರ ಒಂದು ಪಿಚ್ ಬೇಕು. ಶಾಲೆಯ ಆವರಣದಲ್ಲಿ 22 ಗಜ ನೆಲವನ್ನು ಸಮತಟ್ಟು ಮಾಡಿಕೊಡುವುದು ಊರಿನ ಹಿರಿಯರಿಗೆ ಅಸಾಧ್ಯವಾದ ಕೆಲಸವೇನಲ್ಲ.