ಐಎಸ್‌ಎಸ್‌ಎನ್ ಇದ್ದರೆ ಸಾಕೇ?

"ಸರ್, ಈ ಜರ್ನಲ್‌ಗೆ ಐಎಸ್‌ಎಸ್‌ಎನ್ ಇದೆ. ಅಂದ್ಮೇಲೆ ಒಳ್ಳೇದೇ ಅಲ್ವಾ?" ಥೀಸಿಸ್ ಮುಗಿಸಿ ಪಬ್ಲಿಕೇಶನ್‌ಗೆ ಹೊರಟ ಪಿಜಿ ವಿದ್ಯಾರ್ಥಿಗಳು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು. ಆ ಸಂಖ್ಯೆ ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಯಾವುದೆಂದು ಗುರುತಿಸುತ್ತದೆ, ಬ್ರೇಕ್ ಹಿಡಿಯುತ್ತದೆಯೋ ಇಲ್ಲವೋ ಹೇಳುವುದಿಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಇನ್ನೂ ಆಳವಾದದ್ದು. ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಅದು. ನಾಲ್ಕಾರು ಲೇಖನಗಳೇ ಆ ಸರಾಸರಿಯನ್ನು ಮೇಲೆತ್ತಬಲ್ಲವು. ನಿಮ್ಮ ಪ್ರಬಂಧದ ಬೆಲೆಯನ್ನು ಅದು ಹೇಳದು. ಹೆಸರಾಂತ 'ಲ್ಯಾನ್ಸೆಟ್' ಕೂಡ 12 ಮಕ್ಕಳನ್ನಷ್ಟೇ ನೋಡಿ ಎಂಎಂಆರ್ ಲಸಿಕೆಯ ಜೊತೆ ಆಟಿಸಂ ತಳುಕು ಹಾಕಿದ ಪ್ರಬಂಧವನ್ನು 1998ರಲ್ಲಿ ಪ್ರಕಟಿಸಿತು, ಹಿಂತೆಗೆದುಕೊಂಡದ್ದು 2010ರಲ್ಲಿ. ಆ ಭಯ ಇಂದಿಗೂ ತಾಯ್ತಂದೆಯರನ್ನು ಬಿಟ್ಟಿಲ್ಲ.

ಹಾಗಾದರೆ ಎಲ್ಲಿಗೆ ಕಳಿಸಬೇಕು? ನಮ್ಮ ಶಿವಮೊಗ್ಗದ ಕಾಡಿನ ಕತೆ ನೋಡಿ. 1957ರಲ್ಲಿ ಕ್ಯಾಸನೂರಿನ ಸುತ್ತ ಮಂಗಗಳು ಸತ್ತು ಬಿದ್ದವು, ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ತಮ್ಮ ಆರಂಭಿಕ ವರದಿಯನ್ನು ಕೊಟ್ಟದ್ದು ಇಲ್ಲಿಯದೇ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್'ಗೆ. ಅದನ್ನು ತುರ್ತಾಗಿ ಓದಬೇಕಿದ್ದವರು ಇಲ್ಲಿಯ ವೈದ್ಯರೇ ತಾನೆ? ಮಂಗನ ಕಾಯಿಲೆಯ ಬಗ್ಗೆ ಬರೆಯುವವರು ಇಂದಿಗೂ ಅಲ್ಲಿಗೆ ಹಿಂದಿರುಗುತ್ತಾರೆ. ಆದ್ದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ನಿಮ್ಮದೇ ಉಲ್ಲೇಖಪಟ್ಟಿ ತೆಗೆದು ನೋಡಿ, ಯಾವ ಜರ್ನಲ್ ಮತ್ತೆ ಮತ್ತೆ ಬಂದಿದೆ? ನಿಮ್ಮ ಓದುಗರು ಇರುವುದು ಅಲ್ಲೇ. ಕೇಸ್ ರಿಪೋರ್ಟ್ ಆದರೆ, ಆ ಜರ್ನಲ್‌ನವರು ಅದನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ನೋಡಿಕೊಳ್ಳಿ.

ಒಟ್ಟಿಗೆ ನಾಲ್ಕು ಕಡೆ ಕಳಿಸಿದರೆ ಬೇಗ ಆಗುತ್ತದೆ ಎನ್ನುವವರಿದ್ದಾರೆ. ಕೂಡದು, ಅದು ನಿಯಮಭಂಗ.

ದುಡ್ಡು ಕೇಳುವ ಜರ್ನಲ್‌ಗಳೆಲ್ಲ ಮೋಸವೆಂಬುದೂ ಸುಳ್ಳು. 'ಪ್ಲಾಸ್ ಮೆಡಿಸಿನ್' ಶುಲ್ಕ ಪಡೆಯುತ್ತದೆ, 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್' ಪಡೆಯುವುದಿಲ್ಲ, ಎರಡೂ ಗೌರವದವೇ. ಭಯಪಡಬೇಕಾದದ್ದು ದುಡ್ಡು ತೆಗೆದುಕೊಂಡು ಓದದೇ ಅಚ್ಚುಹಾಕುವವರಿಗೆ. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಎದ್ದುಕಾಣುವ ತಪ್ಪುಗಳಿದ್ದ ನಕಲಿ ಪ್ರಬಂಧವೊಂದನ್ನು 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿಕೊಂಡವು. ಮೆಡ್‌ಲೈನ್‌ನಲ್ಲಿದ್ದೇವೆ, ಸ್ಕೋಪಸ್‌ನಲ್ಲಿದ್ದೇವೆ ಎಂದು ಅವರೇ ಬರೆದುಕೊಂಡದ್ದನ್ನು ನಂಬಬೇಡಿ, ಆಯಾ ಪಟ್ಟಿಯೊಳಗೇ ಹುಡುಕಿ. ಗೂಗಲ್ ಸ್ಕಾಲರ್‌ನಲ್ಲಿ ಕಾಣಿಸುವುದು ಅರ್ಹತೆಯಲ್ಲ.

ತಪ್ಪಾದರೆ ವಾಪಸ್ ತಗೊಂಡರಾಯಿತು ಎಂದುಕೊಂಡಿದ್ದಳು ನನ್ನ ವಿದ್ಯಾರ್ಥಿನಿಯೊಬ್ಬಳು. ಗರ್ಭಿಣಿಯರ ರಕ್ತಹೀನತೆಯ ಮೇಲೆ ಎರಡು ವರ್ಷ ವಾರ್ಡಿನಲ್ಲಿ ಕೂಡಿಸಿದ ಮಾಹಿತಿ ಅಂಥದೊಂದು ಜರ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಹಿಂದಕ್ಕೆ ಕೇಳಿದರೆ ಅದಕ್ಕೂ ದುಡ್ಡೆಂದರು. ಆಗಲೇ ಪ್ರಕಟವಾದದ್ದೆಂದು ಬೇರೆಯವರು ಮುಟ್ಟಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಆ ಹೆಂಗಸರಿಗೆ, ಇದರಿಂದ ನಾಳೆ ಬೇರೆ ತಾಯಂದಿರಿಗೆ ಉಪಯೋಗವಾಗುತ್ತದೆ ಎಂದು ನಾವೇ ಹೇಳಿದ್ದೆವು.